ಮಳೆ ರಜೆಗೆ ಮನೆಯಲ್ಲೇ ಪತ್ತೇದಾರರು

ಜುಲೈ ಬಂತೆಂದರೆ ಕೊಡಗಿನ ಮಕ್ಕಳಿಗೆ ಮಳೆ ರಜೆ ಗ್ಯಾರಂಟಿ. ಕರೆಂಟ್ ಇರುವುದಿಲ್ಲ, ಅಂಗಳಕ್ಕೆ ಇಳಿದರೆ ಜಿಗಣೆ. ಕಳೆದ ವರ್ಷ ಹೀಗೇ ನಾಲ್ಕು ದಿನ ರಜೆ ಸಿಕ್ಕಾಗ, ಮಡಿಕೇರಿ ಹತ್ತಿರದ ನಮ್ಮ ಮನೆಯಲ್ಲಿ ಮಕ್ಕಳ ಜೊತೆ ಕೂತು ಪತ್ತೇದಾರಿ ಸಾಮಾನು ಮಾಡಿದೆವು. ಖಾಲಿ ಬಾಟಲಿ, ಹಳೆಯ ಮದುವೆ ಕಾಗದ, ಟೂತ್‌ಪೇಸ್ಟ್ ಪೆಟ್ಟಿಗೆ, ಶರ್ಟ್ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳ, ಪೆನ್ಸಿಲ್, ಸೆಲ್ಲೋಟೇಪ್. ಅಷ್ಟೇ ಬೇಕಾದದ್ದು.

ಒಂದು ಮಾತು ಮೊದಲೇ ಹೇಳುತ್ತೇನೆ. ರಟ್ಟನ್ನು ಗುಂಡಗೆ ಕತ್ತರಿಸಿ ‘ಇದೇ ಭೂತಗನ್ನಡಿ’ ಅಂತ ಕೊಟ್ಟರೆ ಮಕ್ಕಳು ಹತ್ತು ನಿಮಿಷ ಆಡಿ ಬಿಸಾಡುತ್ತಾರೆ. ನಿಜವಾಗಿಯೂ ದೊಡ್ಡದಾಗಿ ತೋರಿಸಿದರೆ ದಿನವಿಡೀ ಕೈಬಿಡುವುದಿಲ್ಲ. ಆಟದ ಸಾಮಾನೇ ಆದರೂ ಅದು ಕೆಲಸ ಮಾಡಬೇಕು.

ನೀರಿನ ಭೂತಗನ್ನಡಿ

ತಂಪು ಪಾನೀಯದ ಎರಡು ಲೀಟರ್ ಬಾಟಲಿ ತಗೊಳ್ಳಿ. ಕುತ್ತಿಗೆಯ ಕೆಳಗೆ ಹೆಗಲಿನ ಹಾಗೆ ಉಬ್ಬಿದ ಜಾಗ ಇದೆಯಲ್ಲ, ಅಲ್ಲಿ ಐದು ಸೆಂ.ಮೀ. ಅಗಲದ ವೃತ್ತ ಬರೆದು ಕತ್ತರಿಸಿ. ಇದು ದೊಡ್ಡವರೇ ಮಾಡಬೇಕಾದ ಕೆಲಸ. ಅಂಚು ತುಂಬಾ ಚೂಪಾಗಿರುತ್ತದೆ, ಸುತ್ತ ಟೇಪ್ ಹಚ್ಚಲೇಬೇಕು. ನಾವು ಮೊದಲು ಬಾಟಲಿಯ ನಡುಭಾಗ ಕತ್ತರಿಸಿದ್ದೆವು. ಅದು ಒಂದೇ ಕಡೆಗೆ ಬಾಗಿರುವುದರಿಂದ ಅಕ್ಷರಗಳು ಸುಮ್ನೆ ಎಳೆದ ಹಾಗೆ ಕಂಡವು. ಹೆಗಲಿನ ತುಂಡು ಪುಟ್ಟ ಬಟ್ಟಲಿನಂತೆ ಎಲ್ಲ ಕಡೆ ಬಾಗಿರುತ್ತದೆ. ಅದೇ ಸರಿ.

ಮದುವೆ ಕಾಗದ ಗಟ್ಟಿ ರಟ್ಟಲ್ವಾ? ಅದರಲ್ಲಿ ಹಿಡಿ ಇರುವ ಬಳೆ ಕತ್ತರಿಸಿ, ನೆನೆಯದಂತೆ ಟೇಪ್ ಸುತ್ತಿ, ಬಟ್ಟಲನ್ನು ಅದರಲ್ಲಿ ಕೂರಿಸಿ. ಬಟ್ಟಲಿಗೆ ನೀರು ಹಾಕಿ, ಪೇಪರಿನಿಂದ ನಾಲ್ಕು ಬೆರಳು ಮೇಲೆ ಅಲುಗಾಡದಂತೆ ಹಿಡಿಯಿರಿ. ನೀರು ಮೇಲೆ ಮಟ್ಟ, ಕೆಳಗೆ ಉಬ್ಬು. ಅದನ್ನು ದಾಟುವಾಗ ಬೆಳಕು ಬಾಗುತ್ತದೆ, ಅಕ್ಷರ ದೊಡ್ಡದಾಗುತ್ತದೆ. ನಮ್ಮ ಮನೆಯ ಸಣ್ಣವಳು ಮೊದಲು ನೋಡಿದ್ದು ಒಂದು ಕಾಫಿ ಬೀಜವನ್ನು. ನಡುಗೆರೆಯೊಳಗೆ ಅಂಟಿಕೊಂಡಿದ್ದ ತೆಳು ಬೆಳ್ಳಿ ಸಿಪ್ಪೆ ಕಂಡು, “ಇದರೊಳಗೆ ಕಾಗದ ಇದೆ!” ಅಂತ ಕೂಗಿದಳು.

ಬೆರಳಚ್ಚು

ಕಾಗದದ ಮೇಲೆ ಪೆನ್ಸಿಲಿನಿಂದ ಕಪ್ಪಗೆ ಗೀಚಿ. ಅದಕ್ಕೆ ಬೆರಳು ಉಜ್ಜಿ, ಬೆರಳ ಮೇಲೆ ಟೇಪ್ ಒತ್ತಿ, ಎತ್ತಿ ಬಿಳಿ ಹಾಳೆಗೆ ಅಂಟಿಸಿ. ಮನೆಮಂದಿ ಎಲ್ಲರ ಹತ್ತು ಬೆರಳೂ ಬೇಕು, ಹೆಸರು ಸಮೇತ. ನಂತರ ಗೆರೆ ನೋಡಿ. ಒಂದು ಕಡೆಯಿಂದ ಬಂದು ಅದೇ ಕಡೆಗೆ ತಿರುಗಿದರೆ ಕುಣಿಕೆ, ಸುತ್ತು ಸುತ್ತಾಗಿದ್ದರೆ ಸುಳಿ, ಗುಡ್ಡದ ಹಾಗೆ ಏರಿ ಇಳಿದರೆ ಕಮಾನು. ಕುಣಿಕೆಯೇ ಜಾಸ್ತಿ ಸಿಗುತ್ತದೆ, ಕಮಾನು ಅಪರೂಪ. ಜಗತ್ತಿನ ಮೊದಲ ಬೆರಳಚ್ಚು ವಿಭಾಗ 1897ರಲ್ಲಿ ಶುರುವಾದದ್ದು ನಮ್ಮ ಕಲ್ಕತ್ತಾದಲ್ಲಿ. ಗೆರೆಗಳನ್ನು ವಿಂಗಡಿಸುವ ಪದ್ಧತಿ ಹೆನ್ರಿ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನಲ್ಲಿದೆ. ಆದರೆ ಅದಕ್ಕೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಈ ಎರಡು ಹೆಸರು ಮಕ್ಕಳಿಗೆ ಗೊತ್ತಿರಬೇಕು ಅಂತ ನನ್ನ ಆಸೆ.

ಗಾಜಿನ ಮೇಲೆ ಬಿದ್ದ ಗುರುತು ಎತ್ತಲು ಪೆನ್ಸಿಲ್ ಸೀಸದ ನಯವಾದ ಪುಡಿ ಬೇಕು. ಬ್ರಷ್ ಹುಡುಕಬೇಡಿ, ಮೆತ್ತಗಿನ ಕೋಳಿಗರಿ ಸಾಕು. ಗರಿಯನ್ನು ಪುಡಿಗೆ ತಾಗಿಸಿ, ಗುರುತಿನ ಮೇಲೆ ಹಗುರವಾಗಿ ಆಡಿಸಿ, ಟೇಪ್ ಒತ್ತಿ ಎತ್ತಿ. ಮಳೆಗಾಲದ ತೇವಕ್ಕೆ ಪುಡಿ ಎಲ್ಲೆಡೆ ಮೆತ್ತಿಕೊಳ್ಳುತ್ತದೆ. ಹಾಗಾಗಿ ಗಾಜನ್ನು ಮೊದಲು ಒಲೆ ಹತ್ತಿರ ಸ್ವಲ್ಪ ಹೊತ್ತು ಇಡಿ.

ಹೆಜ್ಜೆ ಗುರುತು

ಮಳೆ ಹೊಳವಾದಾಗ ಅಂಗಳಕ್ಕೆ ಹೋಗಿ, ಕೆಸರಿನ ಹೆಜ್ಜೆಯ ಮೇಲೆ ಶರ್ಟ್ ಡಬ್ಬಿಯ ಮುಚ್ಚಳ ಇಟ್ಟು ಮಾರ್ಕರಿನಿಂದ ಗೆರೆ ಎಳೆಯಿರಿ. ಹುಲಿ ಎಣಿಸಲು ಅರಣ್ಯ ಸಿಬ್ಬಂದಿ ಹಿಂದೆ ಗಾಜಿನ ಹಲಗೆ ಇಟ್ಟು ಹೀಗೇ ಹೆಜ್ಜೆ ಬರೆದುಕೊಳ್ಳುತ್ತಿದ್ದರು. ಉಗುರಿನ ಗುರುತು ಇದ್ದರೆ ಸಾಮಾನ್ಯವಾಗಿ ನಾಯಿ, ಇಲ್ಲದಿದ್ದರೆ ಬೆಕ್ಕು. ಬೆಕ್ಕು ನಡೆಯುವಾಗ ಉಗುರು ಒಳಗೆಳೆದುಕೊಳ್ಳುತ್ತದೆ.

ಸಮಯ ಇದ್ದರೆ ಟೂತ್‌ಪೇಸ್ಟ್ ಪೆಟ್ಟಿಗೆಯ ಎರಡು ತುದಿಯಲ್ಲಿ ವಿರುದ್ಧ ದಿಕ್ಕಿಗೆ ಕಿಟಕಿ ಕೊರೆದು, ಹಳೇ ಸಿಡಿಯ ತುಂಡುಗಳನ್ನು 45 ಡಿಗ್ರಿ ಓರೆಯಾಗಿ ಅಂಟಿಸಿ. ಗೋಡೆಯಾಚೆ ಇಣುಕಿ ನೋಡಬಹುದು. ಬಿಸಿನೀರಿನಲ್ಲಿ ನೆನೆಸಿದ ಸಿಡಿ ಕತ್ತರಿಸುವಾಗ ಸೀಳುವುದು ಕಡಿಮೆ.

ಸಾಮಾನು ತಯಾರಾದ ಮೇಲೆ ಒಂದು ಕೇಸು ಕೊಡಿ. ನಮ್ಮಲ್ಲಿ ಗಾಜಿನ ಜಾಡಿಯಿಂದ ಬೆಲ್ಲ ಕಡಿಮೆಯಾಗಿತ್ತು. ಜಾಡಿಯ ಮೇಲೆ ಸಿಕ್ಕ ಹೆಬ್ಬೆರಳ ಗುರುತಿನಲ್ಲಿ ಅಡ್ಡಕ್ಕೆ ಒಂದು ಬಿಳಿ ಗೆರೆ. ಹಾಳೆಯಲ್ಲಿ ಅಂಥ ಗೆರೆ ಇದ್ದದ್ದು ಅಜ್ಜಿಯ ಬೆರಳಿಗೆ ಮಾತ್ರ. ಎಂಟನೇ ವಯಸ್ಸಿನಲ್ಲಿ ಹಲಸಿನಕಾಯಿ ಹೆಚ್ಚುವಾಗ ಕತ್ತಿ ತಾಗಿದ ಕಲೆಯಂತೆ. ಮೊಮ್ಮಕ್ಕಳಿಗೆ ಆ ಕಥೆ ಗೊತ್ತೇ ಇರಲಿಲ್ಲ. ಬೆಲ್ಲದ ವಿಷಯ ಅಲ್ಲಿಗೇ ಮರೆತು, ಅಜ್ಜಿಯ ಕೈ ಹಿಡಿದು ಉಳಿದ ಒಂಬತ್ತು ಬೆರಳನ್ನೂ ನೀರಿನ ಭೂತಗನ್ನಡಿಯಲ್ಲಿ ನೋಡುತ್ತಾ ಕೂತರು.