ಹನ್ನೊಂದು ಗಂಟೆಯ ನಂತರದ ಕಾಫಿ

ಇಂಗ್ಲೆಂಡಿನಲ್ಲಿ ರಾತ್ರಿ 11ರಿಂದ ಬೆಳಗಿನ 5ರವರೆಗೆ ಬಿಸಿ ಊಟ ಅಥವಾ ಬಿಸಿ ಪಾನೀಯ ಮಾರಬೇಕಾದರೆ ಕೌನ್ಸಿಲಿನ, ಅಂದರೆ ಸ್ಥಳೀಯ ಆಡಳಿತದ, ಲೈಸೆನ್ಸ್ ಬೇಕು. 11 ಗಂಟೆ 5 ನಿಮಿಷಕ್ಕೆ ಒಂದು ಲೋಟ ಫಿಲ್ಟರ್ ಕಾಫಿ ಮಾರಿದರೂ ಬೇಕು. ಮೊಸರನ್ನಕ್ಕೆ ಬೇಡ, ಅದು ತಣ್ಣಗಿರುತ್ತದಲ್ವಾ! ನಮಗೆ ಇದು ತಿಳಿದದ್ದು ಹೋಟೆಲ್ ತೆರೆದು ಮೂರು ವರ್ಷವಾದ ಮೇಲೆ, ಬಿಯರ್ ಮತ್ತು ವೈನ್ ಮಾರಲು ಅರ್ಜಿ ಹಾಕೋಣ ಅಂತ ಕೂತಾಗ.

ನಾವು ಸಾಗರದ ಕಡೆಯವರು. ಇಲ್ಲಿನ ಒಂದು ಸಣ್ಣ ಊರಿನಲ್ಲಿ, ಪೇಟೆ ಬೀದಿಯಿಂದ ಸ್ವಲ್ಪ ಒಳಗೆ, 36 ಜನ ಕೂರುವಷ್ಟು ಜಾಗದಲ್ಲಿ ದೋಸೆ, ಬಿಸಿಬೇಳೆಬಾತ್, ಸಂಜೆ ಹೊತ್ತು ಪೂರ್ತಿ ಊಟ ಕೊಡುತ್ತೇವೆ. ಅಡುಗೆ ನನ್ನದು, ಲೆಕ್ಕ ಮತ್ತು ಹೊರಗಿನ ಓಡಾಟ ನಮ್ಮ ಯಜಮಾನರದು. ಮಹಡಿ ಮೇಲೆ ಎರಡು ಬಾಡಿಗೆ ಮನೆ. ಎದುರು ಸಾಲಿನಲ್ಲಿ ಒತ್ತೊತ್ತಾಗಿ ಮನೆಗಳು.

ಅಲ್ಲಿಯವರೆಗೆ ಗಿರಾಕಿಗಳೇ ಬಾಟಲಿ ತಂದು ಕುಡಿಯುತ್ತಿದ್ದರು. ನಾವು ಮಾರದೆ ಇದ್ದರೆ ಅದಕ್ಕೆ ಲೈಸೆನ್ಸ್ ಬೇಡ. ಆದರೆ ಹತ್ತು ಹನ್ನೆರಡು ಜನರ ಗುಂಪು ಟೇಬಲ್ ಕಾದಿರಿಸಿ, ಬಾರ್ ಇಲ್ಲ ಅಂತ ಗೊತ್ತಾದ ಕೂಡಲೇ ಬೇಡ ಅನ್ನುತ್ತಿತ್ತು. ಬಾಡಿಗೆ, ಗ್ಯಾಸು, ಅಡುಗೆಯವರ ಸಂಬಳ ಎಲ್ಲ ಏರಿದಾಗ ನಮಗೆ ಬೇರೆ ದಾರಿ ಕಾಣಲಿಲ್ಲ. ನಮ್ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ ಸುಮಾರು ಹೊತ್ತು ಮಾತೇ ಆಡಲಿಲ್ಲ. ಕೊನೆಗೆ, "ಕುಡಿದವರು ಬೀದಿಯಲ್ಲಿ ಗಲಾಟೆ ಮಾಡದ ಹಾಗೆ ನೋಡ್ಕೊಳ್ಳೇ" ಅಂದಳು. ಕಾನೂನು ಕೇಳುವುದೂ ಹೆಚ್ಚುಕಡಿಮೆ ಅದನ್ನೇ ಅಂತ ನನಗೆ ಆಮೇಲೆ ತಿಳಿಯಿತು.

ನಮ್ಮ ಕರ್ನಾಟಕದಲ್ಲಿ ಮದ್ಯದ ಲೈಸೆನ್ಸ್ ಕೊಡುವುದು ಅಬಕಾರಿ ಇಲಾಖೆ, ಊರಿನ ಪುರಸಭೆಯಲ್ಲ. ಇಲ್ಲಿ ಹಿಂದೆ ಮ್ಯಾಜಿಸ್ಟ್ರೇಟರು ಕೊಡುತ್ತಿದ್ದರು. 2003ರ ಲೈಸೆನ್ಸಿಂಗ್ ಕಾಯ್ದೆ ಬಂದು, 2005ರ ನವೆಂಬರ್ 24ರಿಂದ ಅದು ಪೂರ್ತಿಯಾಗಿ ಸ್ಥಳೀಯ ಕೌನ್ಸಿಲಿನ ಕೈಗೆ ಹೋಯಿತು. ಇಂಗ್ಲೆಂಡ್ ಮತ್ತು ವೇಲ್ಸಿಗೆ ಈ ಕಾಯ್ದೆ, ಸ್ಕಾಟ್ಲೆಂಡಿನದು ಬೇರೆ. ಕೌನ್ಸಿಲ್ ನೋಡಬೇಕಾದ್ದು ನಾಲ್ಕೇ ವಿಷಯ: ಅಪರಾಧ ಮತ್ತು ಗಲಭೆ ತಡೆಯುವುದು, ಜನರ ಸುರಕ್ಷತೆ, ಸಾರ್ವಜನಿಕರಿಗೆ ಕಿರಿಕಿರಿ ಆಗದಂತೆ ತಡೆಯುವುದು, ಮಕ್ಕಳನ್ನು ಹಾನಿಯಿಂದ ಕಾಪಾಡುವುದು. ಈ ಬೀದಿಯಲ್ಲಿ ಈಗಾಗಲೇ ನಾಲ್ಕು ಹೋಟೆಲ್ ಇವೆ, ಐದನೆಯದಕ್ಕೆ ವ್ಯಾಪಾರ ಆಗುತ್ತದೋ ಇಲ್ಲವೋ ಅನ್ನುವುದು ಅವರ ಪ್ರಶ್ನೆಯಲ್ಲ. ಪಕ್ಕದ ಹೋಟೆಲಿನವರು ಪೈಪೋಟಿ ಜಾಸ್ತಿ ಆಗುತ್ತದೆ ಅಂತ ತಕರಾರು ಬರೆದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮೊದಲ ಕೆಲಸ ಪರ್ಸನಲ್ ಲೈಸೆನ್ಸ್. ಹೋಟೆಲಿನಲ್ಲಿ ಮದ್ಯ ಮಾರಾಟಕ್ಕೆ ಹೊಣೆಯಾಗಿ ಒಬ್ಬರ ಹೆಸರು ಕೊಡಬೇಕು, ಅವರ ಬಳಿ ಇದು ಇರಲೇಬೇಕು. ಯಜಮಾನರು ದಿನವಿಡೀ ಒಳಗೆ ಇರುವುದಿಲ್ಲ, ಹಾಗಾಗಿ ನಾನೇ ತೆಗೆದುಕೊಂಡೆ. ಒಂದು ದಿನದ ತರಬೇತಿ, ಸಂಜೆ ಪರೀಕ್ಷೆ. 40 ಪ್ರಶ್ನೆ, 28 ಸರಿಯಾದರೆ ಪಾಸು. ನಮ್ಮ ಮೇಲೆ ಪೊಲೀಸ್ ಕೇಸು ಇಲ್ಲ ಅನ್ನುವ ದಾಖಲೆ ಮತ್ತು 37 ಪೌಂಡ್ ಕಟ್ಟಿದರೆ ಆಯಿತು. ಈ ತರಬೇತಿಯನ್ನು ಬರೀ ಕಾಗದಕ್ಕೋಸ್ಕರ ಅಂತ ಮಾಡಬೇಡಿ. ಕುಡಿದು ತೂರಾಡುವವರಿಗೆ ಮತ್ತೆ ಸುರಿದು ಕೊಡುವುದು ಅಪರಾಧ, ಕುಡಿಯುವ ನೀರು ಕೇಳಿದರೆ ಪುಕ್ಕಟೆ ಕೊಡಬೇಕು, ಇದೆಲ್ಲ ನಾನು ಕಲಿತದ್ದು ಅಲ್ಲೇ.

ಎರಡನೆಯದು ಜಾಗದ ಲೈಸೆನ್ಸ್, ಪ್ರಿಮಿಸಸ್ ಲೈಸೆನ್ಸ್. ಕಟ್ಟಡದ ರೇಟಬಲ್ ಮೌಲ್ಯದ ಮೇಲೆ, ಅಂದರೆ ತೆರಿಗೆಗೆ ಅಂತ ಗೊತ್ತುಮಾಡಿದ ಮೌಲ್ಯದ ಮೇಲೆ, ಶುಲ್ಕ. ನಮ್ಮದು ಬಿ ವರ್ಗ, ಅರ್ಜಿಗೆ 190 ಪೌಂಡ್, ಆಮೇಲೆ ವರ್ಷಕ್ಕೆ 180. ಜೊತೆಗೆ ಅಳತೆ ಪ್ರಕಾರ ಬರೆದ ನಕ್ಷೆ ಬೇಕು. ಬೆಂಕಿ ಬಿದ್ದರೆ ಹೊರಗೋಡುವ ದಾರಿ, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ, ಅಡುಗೆಮನೆ ಎಲ್ಲಿ, ಎಲ್ಲ ಅದರಲ್ಲಿ ಕಾಣಬೇಕು.

ಅರ್ಜಿಯಲ್ಲಿ ಒಂದು ಭಾಗವಿದೆ, ಆ ನಾಲ್ಕು ಉದ್ದೇಶಗಳಿಗೆ ನೀವು ಏನೇನು ಮಾಡುತ್ತೀರಿ ಅಂತ ಬರೆಯುವುದು. ನಮ್ಮ ದೊಡ್ಡ ತಪ್ಪು ಅಲ್ಲಿ ಆಯಿತು. ಪರಿಚಯದವರೊಬ್ಬರು ದೊಡ್ಡ ಊರಿನಲ್ಲಿ ಬಾರ್ ನಡೆಸುತ್ತಾರೆ. ಅವರ ಅರ್ಜಿ ತರಿಸಿಕೊಂಡು ಹಾಗೇ ನಕಲು ಮಾಡಿದೆವು. ಶುಕ್ರವಾರ, ಶನಿವಾರ ಬಾಗಿಲಲ್ಲಿ ಇಬ್ಬರು ಸೆಕ್ಯೂರಿಟಿಯವರನ್ನು ನಿಲ್ಲಿಸುತ್ತೇವೆ ಅನ್ನುವ ಸಾಲೂ ಅದರೊಳಗೆ ಬಂತು. ಓದಿದವರಿಗೆ ಒಳ್ಳೆಯ ಅಭಿಪ್ರಾಯ ಬರಲಿ ಅಂತ ನಾವು ಅದನ್ನು ಹಾಗೇ ಉಳಿಸಿಕೊಂಡೆವು. ಎರಡು ದಿನದಲ್ಲಿ ಲೈಸೆನ್ಸಿಂಗ್ ಆಫೀಸರ್ ಫೋನ್ ಮಾಡಿ, "ಇಲ್ಲಿ ಬರೆದದ್ದೇ ನಾಳೆ ನಿಮ್ಮ ಲೈಸೆನ್ಸಿನ ಷರತ್ತು ಆಗುತ್ತದೆ, ಗೊತ್ತಲ್ವಾ?" ಅಂತ ಕೇಳಿದರು. ನಮಗೆ ಗೊತ್ತಿರಲಿಲ್ಲ. ಷರತ್ತು ಮುರಿದರೆ ಆರು ತಿಂಗಳವರೆಗೆ ಜೈಲು, ದಂಡಕ್ಕೆ ಮಿತಿಯೇ ಇಲ್ಲ. ದೋಸೆ ಹೋಟೆಲಿನ ಬಾಗಿಲಿಗೆ ಪ್ರತಿ ವಾರಾಂತ್ಯ ಇಬ್ಬರು ಕಾವಲುಗಾರರ ಸಂಬಳ ಕೊಡುತ್ತಾ ಹೋಗಿದ್ದರೆ ವರ್ಷದೊಳಗೆ ಹೋಟೆಲ್ ಮುಚ್ಚುತ್ತಿದ್ದೆವು. ಆ ಆಫೀಸರ್ ಫೋನ್ ಮಾಡಲೇಬೇಕು ಅಂತ ಏನೂ ಇರಲಿಲ್ಲ. ಅವರ ಉಪಕಾರ ನಾನು ಮರೆಯುವುದಿಲ್ಲ.

ಆವತ್ತು ರಾತ್ರಿ ಇಬ್ಬರೂ ಕೂತು ಒಂದೊಂದೇ ಸಾಲು ಓದಿದೆವು. ಇದನ್ನು ಮಳೆ ಬೀಳುವ ಶನಿವಾರ ರಾತ್ರಿ, ಒಬ್ಬ ಹುಡುಗ ಕೆಲಸಕ್ಕೆ ಬಾರದೆ ಇದ್ದಾಗಲೂ ಮಾಡಬಲ್ಲೆವಾ ಅಂತ ಕೇಳಿಕೊಂಡೆವು. ಆಗಲ್ಲ ಅನಿಸಿದ್ದನ್ನು ಹೊಡೆದು ಹಾಕಿದೆವು. ಉಳಿದದ್ದು ಇಷ್ಟು: ಊಟಕ್ಕೆ ಟೇಬಲಿನಲ್ಲಿ ಕೂತವರಿಗೆ ಮಾತ್ರ ಮದ್ಯ. 25ಕ್ಕಿಂತ ಚಿಕ್ಕವರ ಹಾಗೆ ಕಂಡರೆ ವಯಸ್ಸಿನ ಗುರುತಿನ ಚೀಟಿ ಕೇಳುವುದು. ಕಾನೂನಿನ ವಯಸ್ಸು 18 ಆದರೂ ಇಲ್ಲಿ 25 ಅಂತ ಇಟ್ಟುಕೊಂಡರೆ ಎಡವಟ್ಟು ಕಡಿಮೆ. ಯಾರಿಗೆ ಇಲ್ಲ ಅಂದೆವು ಅಂತ ಒಂದು ಪುಸ್ತಕದಲ್ಲಿ ಬರೆದಿಡುವುದು. ಪೊಲೀಸರು ಅದಕ್ಕೆ ಸಿಸಿಟಿವಿ ಸೇರಿಸಿ, ಚಿತ್ರಗಳನ್ನು 31 ದಿನ ಇಡಬೇಕು ಅಂದರು. ಒಪ್ಪಿದೆವು.

ಅರ್ಜಿ ಹಾಕಿದ ಮೇಲೆ 28 ದಿನ ಹೋಟೆಲಿನ ಮುಂದೆ ನೋಟಿಸ್ ಹಚ್ಚಬೇಕು. ತಿಳಿ ನೀಲಿ ಬಣ್ಣದ ಎ4 ಕಾಗದ, ಅಕ್ಷರ 16 ಪಾಯಿಂಟ್‌ಗಿಂತ ಚಿಕ್ಕದಿರಬಾರದು, ಬೀದಿಯಲ್ಲಿ ನಿಂತವರಿಗೆ ಓದಲು ಆಗಬೇಕು. ನಾವು ಬಿಳಿ ಕಾಗದದಲ್ಲಿ ಅಚ್ಚು ಮಾಡಿ ಗಾಜಿನ ಬಾಗಿಲ ಒಳಗೆ, ಮೆನು ಪಕ್ಕ ಹಚ್ಚಿದ್ದೆವು. ಹತ್ತನೇ ದಿನ ಯಾರೋ ಬಂದು ನೋಡಿ ಹೋದರು. ಅಷ್ಟೂ ದಿನ ಲೆಕ್ಕಕ್ಕಿಲ್ಲ, ಮತ್ತೆ ಒಂದರಿಂದ ಎಣಿಸಿ ಅಂತ ಪತ್ರ ಬಂತು. ಸ್ಥಳೀಯ ಪತ್ರಿಕೆಯಲ್ಲೂ ಹತ್ತು ಕೆಲಸದ ದಿನಗಳ ಒಳಗೆ ಜಾಹೀರಾತು ಕೊಡಬೇಕು. ಅದನ್ನೂ ಮತ್ತೆ ಕೊಟ್ಟೆವು. ಪತ್ರಿಕೆಯ ಖರ್ಚು ಕೌನ್ಸಿಲಿನ ಶುಲ್ಕಕ್ಕಿಂತ ಜಾಸ್ತಿ ಆಯಿತು.

ನಾವು ಕೇಳಿದ್ದು ರಾತ್ರಿ 12ರವರೆಗೆ ಮದ್ಯ, 12.30ರವರೆಗೆ ಬಿಸಿ ಊಟ. ಅಷ್ಟು ಹೊತ್ತು ನಮಗೆ ಬೇಕಾಗಿಯೇ ಇರಲಿಲ್ಲ. ಜಾಸ್ತಿ ಕೇಳಿದರೆ ಸ್ವಲ್ಪ ಕಡಿಮೆ ಮಾಡಿ ಕೊಡುತ್ತಾರೆ ಅಂತ ಒಬ್ಬರು ಹೇಳಿದ್ದರು. ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ. ಆ ಮಾತು ಕೇಳಬಾರದಿತ್ತು. ನೀಲಿ ಕಾಗದದಲ್ಲಿ ಮಧ್ಯರಾತ್ರಿ ಅಂತ ಓದಿದ ಬೀದಿಯವರಿಗೆ ಇದು ಚೌಕಾಸಿ ಅಂತ ಹೇಗೆ ಗೊತ್ತಾಗಬೇಕು? ನಾವಾದರೂ ಒಬ್ಬರ ಮನೆಗೂ ಮೊದಲು ಹೋಗಿ ಹೇಳಿರಲಿಲ್ಲ. ಆ 28 ದಿನಗಳ ಕೊನೆಯ ವಾರದಲ್ಲಿ ಕೌನ್ಸಿಲಿಗೆ ಅವರಿಂದ ನಾಲ್ಕು ತಕರಾರು ಬಂದವು.

ಅವುಗಳ ಪ್ರತಿ ನಮಗೂ ಸಿಕ್ಕಿತು. ಮೊದಲ ಸಲ ಓದಿದಾಗ ಸಿಟ್ಟು ಬಂತು. ಮೂರು ವರ್ಷದಿಂದ ದಿನಾ ನಗುನಗುತ್ತಾ ಮಾತಾಡಿಸುವವರು ಹೀಗೆ ಬರೆದಿದ್ದಾರಲ್ಲ ಅನಿಸಿತು. ಎರಡನೇ ಸಲ ಓದಿದಾಗ ಬೇರೆಯೇ ಕಂಡಿತು. ಯಾರೂ ಮದ್ಯದ ಬಗ್ಗೆ ಬರೆದೇ ಇರಲಿಲ್ಲ. ಮೇಲಿನ ಮನೆಯಲ್ಲಿ ಇರುವಾಕೆ ಆಸ್ಪತ್ರೆಯಲ್ಲಿ ನರ್ಸು, ಬೆಳಗಿನ ಪಾಳಿಗೆ 5 ಗಂಟೆಗೆ ಏಳುತ್ತಾಳೆ. ನಾವು ಬಾಗಿಲು ಹಾಕಿದ ಮೇಲೆ ಹಿಂದಿನ ಓಣಿಯ ಡಬ್ಬಿಗೆ ಗಾಜಿನ ಬಾಟಲಿ ಸುರಿಯುವ ಸದ್ದು ಅವಳ ಮಲಗುವ ಕೋಣೆಯ ಕಿಟಕಿಯ ಕೆಳಗೇ. ಬಾಟಲಿಗಳು ಗಿರಾಕಿಗಳವು, ಸುರಿಯುತ್ತಿದ್ದವರು ನಾವು. ಎದುರು ಮನೆಯ ಅಜ್ಜ ಟ್ಯಾಕ್ಸಿ ಬಾಗಿಲುಗಳ ಸದ್ದಿನ ಬಗ್ಗೆ ಬರೆದಿದ್ದರು. ಮತ್ತಿಬ್ಬರು ಅಡುಗೆಮನೆಯ ಫ್ಯಾನು ಮತ್ತು ಸಿಗರೇಟು ಸೇದಲು ಹೊರಗೆ ನಿಲ್ಲುವವರ ಬಗ್ಗೆ. ಮೂರು ವರ್ಷ ಸಹಿಸಿಕೊಂಡಿದ್ದನ್ನು ಹೇಳಿಕೊಳ್ಳಲು ಅವರಿಗೆ ಸಿಕ್ಕ ಮೊದಲ ಅವಕಾಶ ಅದು.

ಮರುದಿನ ಮಧ್ಯಾಹ್ನ ನಾನೊಬ್ಬಳೇ ನಾಲ್ಕೂ ಮನೆಗೆ ಹೋದೆ. ಒಬ್ಬರು ಬಾಗಿಲು ತೆಗೆಯಲಿಲ್ಲ. ಅಜ್ಜ ಒಳಗೆ ಕರೆದು ಕೂರಿಸಿದರು. ನರ್ಸು ಮೆಟ್ಟಿಲ ಮೇಲೆ ನಿಂತೇ ಮಾತಾಡಿದಳು, ಮುಖದಲ್ಲಿ ಸುಸ್ತು. "ನಿಮ್ಮ ಹೋಟೆಲ್ ನನಗಿಷ್ಟ, ಆದರೆ ನನಗೆ ನಿದ್ದೆ ಬೇಕು" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತೇ ರಾತ್ರಿಯಿಂದ ಬಾಟಲಿಗಳನ್ನು ಒಳಗಡೆಯೇ ಪ್ಲಾಸ್ಟಿಕ್ ಕ್ರೇಟಿನಲ್ಲಿ ಇಟ್ಟು, ಬೆಳಿಗ್ಗೆ 9ಕ್ಕೆ ಹೊರಗೆ ಹಾಕತೊಡಗಿದೆವು. ಕಾಸು ಖರ್ಚಿಲ್ಲ. ಮೂರು ವರ್ಷ ಮೊದಲೇ ಮಾಡಬಹುದಿತ್ತು.

ತಕರಾರು ಉಳಿದುಕೊಂಡರೆ ವಿಚಾರಣೆ ಆಗಲೇಬೇಕು. ಮೂವರು ಕೌನ್ಸಿಲರ್‌ಗಳ ಸಬ್‌ಕಮಿಟಿ, ಪಕ್ಕದಲ್ಲಿ ಕಾನೂನು ಸಲಹೆಗಾರರು. ಕೋರ್ಟಿನ ಹಾಗೆ ಇರುತ್ತದೆ ಅಂತ ಹೆದರಿದ್ದೆ. ಉದ್ದನೆಯ ಟೇಬಲ್, ನೀರಿನ ಜಗ್ಗು, ಎಲ್ಲರ ಮುಂದೆ ಒಂದೇ ವರದಿ. ನಾವು ವಕೀಲರನ್ನು ಇಟ್ಟುಕೊಳ್ಳಲಿಲ್ಲ. ಇಷ್ಟು ಸಣ್ಣ ಅರ್ಜಿಗೆ ಬೇಡ ಅಂತಲೇ ಈಗಲೂ ನನ್ನ ಅಭಿಪ್ರಾಯ. ಬೀದಿಯ ವಿಷಯ ಗೊತ್ತಿರುವುದು ನಮಗೆ.

ನಾನು ಮೊದಲೇ ಹೇಳಿಬಿಟ್ಟೆ: ಮದ್ಯ ವಾರದ ದಿನ 10.30ರವರೆಗೆ, ಶುಕ್ರವಾರ ಶನಿವಾರ 11ರವರೆಗೆ ಸಾಕು, ಆ ಎರಡು ದಿನ ಬಿಸಿ ಊಟ, ಕಾಫಿ 11.30ರವರೆಗೆ. ಕೇಳಿದ ಹೊತ್ತನ್ನು ನಾವೇ ಇಳಿಸಬಹುದು, ಅದಕ್ಕೆ ಹೊಸ ಅರ್ಜಿ ಬೇಡ. ಆಮೇಲೆ ಬಾಟಲಿಯ ವಿಷಯ ಹೇಳಿದೆ. ಹಿರಿಯ ಕೌನ್ಸಿಲರ್ ಒಬ್ಬರು ಕೇಳಿದ ಪ್ರಶ್ನೆಗಳು ಬಹಳ ಸೂಕ್ಷ್ಮವಾಗಿದ್ದವು. ಟ್ಯಾಕ್ಸಿಗೆ ಕಾಯುವವರು ಎಲ್ಲಿ ನಿಲ್ಲುತ್ತಾರೆ? ಸೇದಲು ಹೋದವರು ಲೋಟ ಕೈಯಲ್ಲಿ ಹಿಡಿದು ಹೋಗುತ್ತಾರಾ? ರಾತ್ರಿ ಬಾಗಿಲು ಹಾಕುವವರು ಯಾರು? ಮೂರನೆಯದಕ್ಕೆ ನಾನೇ ಅಂದೆ. ಅಜ್ಜ ತಮ್ಮ ಸರದಿ ಬಂದಾಗ ಟ್ಯಾಕ್ಸಿ ವಿಷಯವನ್ನು ಮತ್ತೆ ಅಷ್ಟೇ ಗಟ್ಟಿಯಾಗಿ ಹೇಳಿದರು. ಅವರು ಹೇಳಿದ್ದು ಸರಿಯೇ ಇತ್ತು.

ಮೂವರೂ ಎದ್ದು ಬೇರೆ ಕೋಣೆಗೆ ಹೋದರು. ಮುಕ್ಕಾಲು ಗಂಟೆ ಆದ ಮೇಲೆ ಬಂದು ತೀರ್ಮಾನ ಓದಿದರು. ನಾವು ಕೊನೆಗೆ ಕೇಳಿದ ಹೊತ್ತೇ ಸಿಕ್ಕಿತು. ಜೊತೆಗೆ ಷರತ್ತುಗಳು: ರಾತ್ರಿ 9ರಿಂದ ಬೆಳಿಗ್ಗೆ 8ರವರೆಗೆ ಹೊರಗಿನ ಡಬ್ಬಿಗೆ ಗಾಜು ಹಾಕುವಂತಿಲ್ಲ. ಸೇದಲು ಒಮ್ಮೆಗೆ ನಾಲ್ಕು ಜನಕ್ಕಿಂತ ಹೆಚ್ಚು ಹೊರಗೆ ನಿಲ್ಲುವಂತಿಲ್ಲ, ಲೋಟ ಒಳಗೇ ಇರಬೇಕು. ಟ್ಯಾಕ್ಸಿ ಬರುವವರೆಗೆ ಗಿರಾಕಿಗಳನ್ನು ಒಳಗೆ ಕೂರಿಸಬೇಕು. ಹೋಟೆಲ್ ತೆರೆದಿರುವಷ್ಟು ಹೊತ್ತೂ ನೆರೆಹೊರೆಯವರಿಗೆ ಸಿಗುವ ಒಂದು ಫೋನ್ ನಂಬರ್ ಕೊಡಬೇಕು. ಒಪ್ಪಿಗೆ ಇಲ್ಲದಿದ್ದರೆ 21 ದಿನದೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು, ನಾವೂ, ಅವರೂ. ಯಾರೂ ಹೋಗಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು, ಇಲ್ಲಿ ಬಹಳ ಜನ ಎಡವುತ್ತಾರೆ. ಲೈಸೆನ್ಸಿನ ಹೊತ್ತು ಬೇರೆ, ಕಟ್ಟಡವನ್ನು ಹೇಗೆ ಬಳಸಬಹುದು ಅಂತ ಪ್ಲ್ಯಾನಿಂಗ್ ವಿಭಾಗ ಕೊಟ್ಟ ಅನುಮತಿಯ ಹೊತ್ತು ಬೇರೆ. ಎರಡೂ ಒಂದೇ ಕೌನ್ಸಿಲಿನಿಂದ ಬಂದಿದ್ದರೂ ಒಂದು ಇನ್ನೊಂದನ್ನು ಬದಲಿಸುವುದಿಲ್ಲ. ಯಾವುದು ಬೇಗ ಮುಗಿಯುತ್ತದೋ ಅದಕ್ಕೆ ಬಾಗಿಲು ಹಾಕಬೇಕು. ಅಂಗಡಿ ಬಾಡಿಗೆಗೆ ಹಿಡಿಯುವ ಮೊದಲೇ ಆ ಹಳೆಯ ಅನುಮತಿ ಪತ್ರ ತರಿಸಿ ಓದಿ.

ಡಿಸೆಂಬರ್ 31ಕ್ಕೆ ಜಾಸ್ತಿ ಹೊತ್ತು ತೆರೆಯಬೇಕಾದರೆ ತಾತ್ಕಾಲಿಕ ನೋಟಿಸ್ ಅಂತ ಒಂದಿದೆ, 21 ಪೌಂಡ್. ಹತ್ತು ಕೆಲಸದ ದಿನ ಮೊದಲೇ ಕೊಡಬೇಕು. ಕ್ರಿಸ್‌ಮಸ್ ರಜೆಗಳು ಈ ಎಣಿಕೆಗೆ ಬರುವುದಿಲ್ಲ, ಹಾಗಾಗಿ ಡಿಸೆಂಬರ್ ಮೊದಲ ವಾರದಲ್ಲೇ ಕೊಟ್ಟೆವು. ಇದಕ್ಕೆ ತಕರಾರು ಹಾಕುವ ಅಧಿಕಾರ ಪೊಲೀಸರಿಗೆ ಮತ್ತು ಕೌನ್ಸಿಲಿನ ಪರಿಸರ ಆರೋಗ್ಯ ವಿಭಾಗಕ್ಕೆ ಮಾತ್ರ, ನೆರೆಯವರಿಗೆ ಇಲ್ಲ. ಆದರೂ ನಾನು ಮನೆ ಮನೆಗೆ ಹೋಗಿ ಹೇಳಿ ಬಂದೆ. ನರ್ಸು ಮೊಬೈಲಿನಲ್ಲಿ ತನ್ನ ಪಾಳಿ ನೋಡಿ, "ಮರುದಿನ ನನಗೆ ರಜೆ, ತೆರೆದಿಡಿ" ಅಂದಳು.

ನೆರೆಹೊರೆಯವರಿಗೆ ನಂಬರ್ ಕೊಟ್ಟ ಆ ಫೋನು ಈಗ ಕ್ಯಾಶ್ ಟೇಬಲಿನ ಪಕ್ಕ ಇರುತ್ತದೆ. ಕಳೆದ ವರ್ಷ ಎರಡು ಸಲ ಕರೆ ಬಂತು. ಒಮ್ಮೆ ಫ್ಯಾನಿನ ಬೇರಿಂಗ್ ಸವೆದು ಕಿರುಗುಟ್ಟುತ್ತಿತ್ತು, ಮೇಲಿನವರಿಗೆ ನಮಗಿಂತ ಮೊದಲು ಕೇಳಿಸಿತು. ಇನ್ನೊಮ್ಮೆ ಅಜ್ಜ, ಶನಿವಾರ ರಾತ್ರಿ 11.10ಕ್ಕೆ. ಹೊರಗೆ ಗಲಾಟೆ ಏನಾದರೂ ಆಯಿತೇನೋ ಅಂತ ಓಡಿ ಹೋಗಿ ಎತ್ತಿದೆ. ಕಾಫಿ ಇನ್ನೂ ಸಿಗುತ್ತದಾ ಅಂತ ಕೇಳಿದರು. 11.30ರವರೆಗೆ ಸಿಗುತ್ತದೆ, ಬನ್ನಿ ಅಂದೆ.