ಸಾಂತಾ ಕ್ಲಾರಾ ಕೌಂಟಿಯಲ್ಲಿ ಸ್ಕೂಲ್ ಬೋರ್ಡ್ ಚುನಾವಣೆಗೆ ನಿಂತ ನನ್ನ ಅನುಭವ

ಸ್ಕೂಲ್ ಬೋರ್ಡ್ ಚುನಾವಣೆಗೆ ನಿಲ್ಲಬೇಕೆಂದು ಯೋಚಿಸುತ್ತಿರುವ ಕನ್ನಡಿಗರು ಈಚೆಗೆ ನನ್ನನ್ನು ಸಂಪರ್ಕಿಸಿದಾಗ ಮೊದಲು ಕೇಳುವುದು ಹಣದ ವಿಚಾರ, ಆಮೇಲೆ ಶಿಕ್ಷಕರ ಸಂಘದ ಬೆಂಬಲದ ವಿಚಾರ. ಎರಡೂ ಮುಖ್ಯವೇ. ಆದರೆ 2024ರ ನವೆಂಬರ್ ಚುನಾವಣೆಯಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯ (ನಮ್ಮ ಕಂದಾಯ ಜಿಲ್ಲೆಯಂಥ ಆಡಳಿತ ಘಟಕ) ಒಂದು ನಗರದ ಶಾಲಾ ಜಿಲ್ಲೆಯಿಂದ (ಒಂದು ಬೋರ್ಡಿನ ಆಡಳಿತಕ್ಕೆ ಸೇರಿದ ಶಾಲೆಗಳ ವ್ಯಾಪ್ತಿ; ಮುಂದೆ ಜಿಲ್ಲೆ ಎಂದರೆ ಇದೇ) ಸ್ಪರ್ಧಿಸಿದ ಮೇಲೆ ನಾನು ಅವರಿಗೆ ಮೊದಲು ನಕ್ಷೆಯನ್ನು ನೋಡಿ, ಆಮೇಲೆ ಮತದಾರರ ಪಟ್ಟಿಯನ್ನು ನೋಡಿ, ಉಳಿದದ್ದನ್ನು ನಂತರ ಮಾತನಾಡೋಣ ಎನ್ನುತ್ತೇನೆ. ನಮ್ಮ ಪರಿಚಯಸ್ಥರ ಬಳಗ ಎಷ್ಟೇ ದೊಡ್ಡದಿರಲಿ, ಅದರಲ್ಲಿ ನಮಗೆ ಮತ ಹಾಕಲು ಅರ್ಹರಾದವರು ಬೆರಳೆಣಿಕೆಯಷ್ಟು ಮಂದಿ. ನನ್ನ ಪ್ರಚಾರದ ಎಲ್ಲ ತೀರ್ಮಾನಗಳೂ ಕೊನೆಗೆ ಈ ಒಂದು ಸಂಗತಿಗೆ ಬಂದು ನಿಲ್ಲುತ್ತಿದ್ದವು.

ಊರಿನಲ್ಲಿರುವ ಬಂಧುಗಳಿಗೆ ಸ್ಕೂಲ್ ಬೋರ್ಡ್ ಎಂದರೆ ನಮ್ಮ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿಯಂಥದ್ದು ಎಂಬ ಭಾವನೆ ಇತ್ತು. ಎಸ್‌ಡಿಎಂಸಿ ಒಂದು ಶಾಲೆಯ ಪೋಷಕರಿಂದಲೇ ರೂಪುಗೊಳ್ಳುವ ಸಮಿತಿ. ಇಲ್ಲಿಯ ಬೋರ್ಡ್ ನಗರದ ಅನೇಕ ಶಾಲೆಗಳನ್ನು ಒಟ್ಟಾಗಿ ಆಳುವ ಚುನಾಯಿತ ಸಂಸ್ಥೆ; ಅದರ ಸದಸ್ಯರಾಗಲು ಪೋಷಕರಾಗಿರಬೇಕೆಂಬ ನಿಯಮವೂ ಇಲ್ಲ. ಹದಿನೆಂಟು ತುಂಬಿ, ಆ ಜಿಲ್ಲೆಯಲ್ಲಿ ವಾಸವಿದ್ದು, ಮತದಾರರಾಗಿ ನೋಂದಾಯಿಸಿಕೊಂಡಿದ್ದರೆ ಸಾಕು. ಸಾಮಾನ್ಯವಾಗಿ ಐದು ಅಥವಾ ಏಳು ಸದಸ್ಯರಿರುತ್ತಾರೆ, ಅವಧಿ ನಾಲ್ಕು ವರ್ಷ; ನಾನು ನಿಂತ 2024ರಲ್ಲಿ ಗೌರವಧನ ತಿಂಗಳಿಗೆ ಕೆಲವು ನೂರು ಡಾಲರ್ ಇತ್ತು. ಜಿಲ್ಲೆಯ ಶಾಲೆಗಳ ಮುಖ್ಯ ಆಡಳಿತಾಧಿಕಾರಿಯಾದ ಸೂಪರಿಂಟೆಂಡೆಂಟರನ್ನು ನೇಮಿಸುವುದು, ಬಜೆಟ್ ಒಪ್ಪುವುದು, ಶಾಲೆಗಳ ಗಡಿಗಳನ್ನು ತಿದ್ದುವುದು, ಮಕ್ಕಳು ಕಡಿಮೆಯಾದರೆ ಶಾಲೆಯನ್ನೇ ಮುಚ್ಚುವುದು ಈ ಬೋರ್ಡಿನ ಕೈಯಲ್ಲಿದೆ. ಒಬ್ಬ ಸದಸ್ಯರಿಗೆ ಒಂಟಿಯಾಗಿ ಯಾವ ಅಧಿಕಾರವೂ ಇಲ್ಲ. ಮುಕ್ತ ಸಭೆಯಲ್ಲಿ, 72 ಗಂಟೆ ಮೊದಲೇ ಪ್ರಕಟಿಸಿದ ಕಾರ್ಯಸೂಚಿಯ ಮೇಲೆ, ಬಹುಮತದಿಂದ ಆದದ್ದೇ ತೀರ್ಮಾನ. ಆದ್ದರಿಂದ 'ನಾನು ಗೆದ್ದರೆ ಗಣಿತದ ಪಠ್ಯಕ್ರಮವನ್ನು ಬದಲಿಸುತ್ತೇನೆ' ಎಂಬ ಅಭ್ಯರ್ಥಿಯ ಮಾತನ್ನು ಕೇಳಿದಾಗಲೆಲ್ಲ ಇವರು ಒಂದು ಸಭೆಗಾದರೂ ಹೋಗಿ ಕುಳಿತಿದ್ದಾರೆಯೇ ಎಂಬ ಅನುಮಾನ ನನಗೆ ಬರುತ್ತದೆ.

ನಕ್ಷೆಯ ವಿಷಯ ಹೀಗೆ. ಹಿಂದೆ ಇಲ್ಲಿಯ ಬಹುಪಾಲು ಜಿಲ್ಲೆಗಳಲ್ಲಿ ಇಡೀ ಜಿಲ್ಲೆಯ ಮತದಾರರು ಎಲ್ಲ ಸದಸ್ಯರಿಗೂ ಮತ ಹಾಕುತ್ತಿದ್ದರು. ಆ ಪದ್ಧತಿಯಲ್ಲಿ ಅಲ್ಪಸಂಖ್ಯಾತ ಸಮುದಾಯಗಳ ಮತ ಕೊಚ್ಚಿಹೋಗುತ್ತದೆ ಎಂಬ ಕಾರಣಕ್ಕೆ ರಾಜ್ಯದ ಮತದಾನ ಹಕ್ಕುಗಳ ಕಾಯ್ದೆ 2002ರಲ್ಲಿ ಬಂದ ಮೇಲೆ, ಮೊಕದ್ದಮೆಯ ಬೆದರಿಕೆಗೆ ಅಂಜಿ ಒಂದರ ಹಿಂದೊಂದರಂತೆ ಜಿಲ್ಲೆಗಳು 'ಟ್ರಸ್ಟೀ ಏರಿಯಾ' ಎಂಬ ಸಣ್ಣ ಕ್ಷೇತ್ರಗಳಾಗಿ ಒಡೆದುಕೊಂಡವು; ಈಗ ಆಯಾ ಕ್ಷೇತ್ರದವರು ತಮ್ಮ ಕ್ಷೇತ್ರದ ಸದಸ್ಯರಿಗೆ ಮಾತ್ರ ಮತ ಹಾಕುತ್ತಾರೆ. ನಮ್ಮದೂ ಹಾಗೆಯೇ. ನನ್ನ ಮನೆಯಿಂದ ಎರಡು ಬೀದಿಯಾಚೆ ಕ್ಷೇತ್ರದ ಗಡಿ ಮುಗಿಯುತ್ತಿತ್ತು. ನನ್ನ ಮಗಳ ಶಾಲೆಯ ಗೇಟಿನಲ್ಲಿ ದಿನವೂ ಮಾತನಾಡಿಸುವ ಅರ್ಧಕ್ಕರ್ಧ ಪೋಷಕರು ಆಚೆ ಕಡೆಯವರು. ಯುಗಾದಿ, ರಾಜ್ಯೋತ್ಸವಗಳಲ್ಲಿ ಸಿಗುವ ಕನ್ನಡ ಕೂಟದ ಗೆಳೆಯರಂತೂ ಫ್ರೀಮಾಂಟ್, ಸ್ಯಾನ್ ರಮೋನ್ ಕಡೆಯವರು; ಅವರದು ಕೌಂಟಿಯೇ ಬೇರೆ. ಕ್ಷೇತ್ರದೊಳಗೇ ಇದ್ದ ಕನ್ನಡ ಮನೆಗಳಲ್ಲಿ ಹಲವರು ಎಚ್-1ಬಿ ವೀಸಾದಲ್ಲಿ ಅಥವಾ ಗ್ರೀನ್ ಕಾರ್ಡಿನ ಸರದಿಯಲ್ಲಿ ಇದ್ದವರು. ಅವರ ಮಕ್ಕಳು ಇಲ್ಲಿಯ ಶಾಲೆಯಲ್ಲಿ ಓದುತ್ತಾರೆ, ಅವರ ಆಸ್ತಿ ತೆರಿಗೆ ಇಲ್ಲಿಯ ಶಾಲೆಗೆ ಹೋಗುತ್ತದೆ, ಮತ ಮಾತ್ರ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋ ನಗರ 2016ರಲ್ಲಿ ಮತದಾರರ ಒಪ್ಪಿಗೆ ಪಡೆದು, ಪೌರತ್ವವಿಲ್ಲದ ಪೋಷಕರಿಗೂ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಮತದ ಹಕ್ಕು ಕೊಟ್ಟಿದೆ. ಓಕ್‌ಲ್ಯಾಂಡಿನಲ್ಲಿ 16, 17 ವರ್ಷದವರು 2024ರಲ್ಲಿ ಮೊದಲ ಬಾರಿಗೆ ಬೋರ್ಡಿಗೆ ಮತ ಹಾಕಿದರು. ನಮ್ಮ ನಗರದಲ್ಲಿ ಅಂಥದ್ದೇನೂ ಇಲ್ಲ.

ನಾಮಪತ್ರದ ಅವಧಿ ಜುಲೈ 15ರಿಂದ ಆಗಸ್ಟ್ 9ರವರೆಗೆ ಇತ್ತು. ಹಾಲಿ ಸದಸ್ಯರು ಮತ್ತೆ ನಿಲ್ಲದಿದ್ದರೆ ಐದು ದಿನ ವಿಸ್ತರಣೆಯಾಗುತ್ತದೆ. ಸ್ಯಾನ್ ಹೋಸೆಯ ಬರ್ಗರ್ ಡ್ರೈವಿನಲ್ಲಿರುವ ಚುನಾವಣಾ ರಿಜಿಸ್ಟ್ರಾರ್ ಕಚೇರಿಯಲ್ಲಿ ಕುಳಿತು ಅಭ್ಯರ್ಥಿತನದ ಘೋಷಣೆ, ಆರ್ಥಿಕ ಹಿತಾಸಕ್ತಿಗಳ ವಿವರವಿರುವ ಫಾರಂ 700 ಇವೆಲ್ಲವನ್ನೂ ತುಂಬಬೇಕು. ನಮ್ಮಲ್ಲಿ ಸೂಚಕರ ಸಹಿಗಳ ಅಗತ್ಯವಿರಲಿಲ್ಲ. ಹೆಚ್ಚು ಹೊತ್ತು ಹಿಡಿದದ್ದು ಮತಪತ್ರದಲ್ಲಿ ಹೆಸರಿನ ಕೆಳಗೆ ಬರುವ ಉದ್ಯೋಗದ ಸಾಲು. ಅದು ಮೂರು ಪದ ಮೀರುವಂತಿಲ್ಲ. 'ಅನುಭವಿ', 'ಪರಿಣತ' ಎಂಬಂಥ ಹೊಗಳಿಕೆಯ ಪದಗಳಿಗೆ ಅವಕಾಶವಿಲ್ಲ. 'ತೆರಿಗೆದಾರ', 'ಕಳಕಳಿಯುಳ್ಳ ನಾಗರಿಕ' ಎಂದರೆ ತಿರಸ್ಕರಿಸುತ್ತಾರೆ, ಏಕೆಂದರೆ ಅವು ವೃತ್ತಿಗಳಲ್ಲ. ಸಮುದಾಯದ ಸ್ವಯಂಸೇವಕ ಎಂದು ಹಾಕಿಕೊಳ್ಳಬಹುದು, ಆದರೆ ಅದರ ಜೊತೆ ಇನ್ನೊಂದು ವೃತ್ತಿಯನ್ನು ಜೋಡಿಸುವಂತಿಲ್ಲ. ಪ್ರಚಾರದ ಯಾವ ಹಾಳೆಯನ್ನೂ ಓದದ ಮತದಾರರೂ ಈ ಸಾಲನ್ನು ಓದುತ್ತಾರೆ. ಮತಪತ್ರದಲ್ಲಿ ಹೆಸರುಗಳ ಕ್ರಮ ನಮ್ಮ ಕೈಯಲ್ಲಿಲ್ಲ. ರಾಜ್ಯ ಕಾರ್ಯದರ್ಶಿಯ ಕಚೇರಿಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಲಾಟರಿಯಂತೆ ಎತ್ತಿ ಹೊಸ ಅಕ್ಷರಮಾಲೆಯನ್ನೇ ನಿರ್ಧರಿಸುತ್ತಾರೆ. ಇದರಿಂದಾಗಿ 'ವೈ' ಅಕ್ಷರದ ಹೆಸರು ಮೊದಲು ಬರುವುದೂ ಸಾಧ್ಯ.

ಇನ್ನೊಂದು, 200 ಪದಗಳ ಅಭ್ಯರ್ಥಿ ಹೇಳಿಕೆ. ಕೌಂಟಿಯು ಮುದ್ರಿಸಿ ಪ್ರತಿ ಮತದಾರರಿಗೂ ಕಳುಹಿಸುವ ಮಾಹಿತಿ ಪುಸ್ತಿಕೆಯಲ್ಲಿ ಅದು ಬರುತ್ತದೆ. ಹಾಕಲೇಬೇಕೆಂದಿಲ್ಲ, ಹಾಕಿದರೆ ಮುದ್ರಣದ, ಅನುವಾದದ ಖರ್ಚಿನ ಪಾಲನ್ನು ಅಭ್ಯರ್ಥಿಯೇ ಕೊಡಬೇಕು. ನನ್ನ ಪ್ರಚಾರದ ಅತಿ ದೊಡ್ಡ ಒಂಟಿ ಖರ್ಚು ಅದೇ ಆಗಿತ್ತು, ಮತ್ತು ಅದರಲ್ಲಿ ಒಂದು ಡಾಲರ್ ಕೂಡ ವ್ಯರ್ಥವಾಗಲಿಲ್ಲ ಎಂದೇ ಈಗಲೂ ಹೇಳುತ್ತೇನೆ. ಎದುರಾಳಿಯ ಹೆಸರನ್ನಾಗಲಿ ಸುಳಿವನ್ನಾಗಲಿ ಅದರಲ್ಲಿ ತರುವಂತಿಲ್ಲ, ಪಕ್ಷದ ಮಾತೂ ಇಲ್ಲ, ಏಕೆಂದರೆ ರಾಜ್ಯದ ಸಂವಿಧಾನದ ಪ್ರಕಾರ ಇದು ಪಕ್ಷರಹಿತ ಹುದ್ದೆ. ಪದ ಎಣಿಸುವುದಕ್ಕೂ ಕಾನೂನಿದೆ: ಊರಿನ ಹೆಸರು ಎಷ್ಟು ಉದ್ದವಿದ್ದರೂ ಒಂದೇ ಪದ, ಪಿಟಿಎ (ಪೋಷಕ-ಶಿಕ್ಷಕರ ಸಂಘ) ಎಂಬಂಥ ಸಂಕ್ಷೇಪವೂ ಒಂದೇ ಪದ. ನಾನು ಮೊದಲು ಬರೆದುಕೊಂಡ ಕರಡಿನಲ್ಲಿ ಗುಣಮಟ್ಟದ ಶಿಕ್ಷಣ, ಉಜ್ವಲ ಭವಿಷ್ಯ ಎಂಬಂಥ ಮಾತುಗಳು ಸಾಕಷ್ಟಿದ್ದವು. ಅವನ್ನೆಲ್ಲ ಹೊಡೆದುಹಾಕಿ, ಪೋಷಕರು, ಶಿಕ್ಷಕರು ಸೇರಿದ ಶಾಲಾ ಸಮಿತಿಯಾದ ಸೈಟ್ ಕೌನ್ಸಿಲಿನಲ್ಲಿ ಮಾಡಿದ ಕೆಲಸ, ಬಜೆಟ್ಟಿನ ಎರಡು ನಿರ್ದಿಷ್ಟ ಪ್ರಶ್ನೆಗಳು, ಬೆಂಬಲಿಸಿದವರ ಹೆಸರುಗಳು ಇಷ್ಟನ್ನೇ ಉಳಿಸಿದೆ.

ಹಣದ ವಿಷಯದಲ್ಲಿ ನಮ್ಮವರ ಧಾರಾಳತನವೇ ತೊಡಕಾಯಿತು. ಒಂದು ಡಾಲರ್ ಎತ್ತುವ ಮೊದಲೇ, ಚುನಾವಣೆಗೆ ನಿಲ್ಲುವ ಉದ್ದೇಶ ತಿಳಿಸುವ ಫಾರಂ 501 ಸಲ್ಲಿಸಬೇಕು. 2,000 ಡಾಲರ್ ಮುಟ್ಟಿದ ಕೂಡಲೇ ಸಮಿತಿಯಾಗಿ ನೋಂದಾಯಿಸಿ, ಖಜಾಂಚಿಯನ್ನು ನೇಮಿಸಿ, ಫಾರಂ 460ರಲ್ಲಿ ಲೆಕ್ಕ ಒಪ್ಪಿಸುತ್ತ ಹೋಗಬೇಕು. ನೂರು ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟವರ ಹೆಸರು, ವಿಳಾಸ, ಉದ್ಯೋಗ, ಕಂಪನಿ ಎಲ್ಲವೂ ದಾಖಲಾಗಬೇಕು, ಮತ್ತು ಅಷ್ಟು ಮೊತ್ತವನ್ನು ನಗದಾಗಿ ಪಡೆಯುವುದಕ್ಕೆ ಅವಕಾಶವೇ ಇಲ್ಲ. ಒಂದು ಸಂಜೆ ಗೆಳೆಯರ ಮನೆಯಲ್ಲಿ ಸೇರಿದಾಗ ಹಿರಿಯರೊಬ್ಬರು ಅರಿಶಿನ ಹಚ್ಚಿದ ಲಕೋಟೆಯಲ್ಲಿ ನೂರಾ ಒಂದು ಡಾಲರ್ ಇಟ್ಟು, ಮದುವೆಯಲ್ಲಿ ಮುಯ್ಯಿ ಮಾಡುವಂತೆ ನನ್ನ ಕೈಗಿತ್ತು ಆಶೀರ್ವದಿಸಿದರು. ಆ ಒಂದು ಡಾಲರಿನ ಶುಭ ನನಗೂ ಗೊತ್ತು, ಆದರೆ ಕಾನೂನಿನ ಕಣ್ಣಿಗೆ ಅದು ಮಿತಿ ದಾಟಿದ ನಗದು. ಲಕೋಟೆಯನ್ನು ಅಲ್ಲೇ ಹಿಂತಿರುಗಿಸಿ ಚೆಕ್ ಬರೆಸಿಕೊಂಡೆ. ಅವರು ನೊಂದುಕೊಳ್ಳಲಿಲ್ಲ, ಚೆಕ್ಕನ್ನೂ ನೂರಾ ಒಂದಕ್ಕೇ ಬರೆದರು. ಇದಕ್ಕಿಂತ ಮುಜುಗರದ್ದು ಇನ್ನೊಂದಿತ್ತು. ಪೌರತ್ವವಾಗಲಿ ಗ್ರೀನ್ ಕಾರ್ಡಾಗಲಿ ಇಲ್ಲದವರು ಅಮೆರಿಕದ ಯಾವ ಚುನಾವಣೆಗೂ, ಸ್ಕೂಲ್ ಬೋರ್ಡಿನದೂ ಸೇರಿದಂತೆ, ದೇಣಿಗೆ ಕೊಡುವಂತಿಲ್ಲ ಎಂದು ಸಂಯುಕ್ತ ಸರ್ಕಾರದ ಕಾನೂನು ಹೇಳುತ್ತದೆ. ಹೀಗಾಗಿ ಹತ್ತು ವರ್ಷದಿಂದ ಒಟ್ಟಿಗೆ ಹಬ್ಬ ಮಾಡಿದವರನ್ನು 'ನಿಮ್ಮ ಗ್ರೀನ್ ಕಾರ್ಡ್ ಬಂದಿದೆಯೇ' ಎಂದು ಕೇಳಿ ಚೆಕ್ ತೆಗೆದುಕೊಳ್ಳಬೇಕಾಗುತ್ತದೆ. ಹಣ ಕೊಡಲಾಗದವರು ಸಂಬಳವಿಲ್ಲದ ಸ್ವಯಂಸೇವಕರಾಗಿ ದುಡಿಯಬಹುದು. ನನ್ನೊಂದಿಗೆ ಅತಿ ಹೆಚ್ಚು ಮನೆಗಳ ಬಾಗಿಲು ತಟ್ಟಿದವರು, ಮತವೂ ಇಲ್ಲದ, ದೇಣಿಗೆಯ ಹಕ್ಕೂ ಇಲ್ಲದ ಇಬ್ಬರು ತಾಯಂದಿರು.

ಬಾಗಿಲು ತಟ್ಟುವ ಕೆಲಸ ಶುರುವಾದದ್ದು ಆಗಸ್ಟ್ ಕೊನೆಯಲ್ಲಿ. ರಾಜಕೀಯ ಉದ್ದೇಶಕ್ಕೆಂದು ಕೌಂಟಿಯಿಂದ ಮತದಾರರ ಪಟ್ಟಿಯನ್ನು ಕೊಳ್ಳಬಹುದು; ಅದರಲ್ಲಿ ಯಾರಿಗೆ ಮತ ಹಾಕಿದರು ಎಂಬುದಿರುವುದಿಲ್ಲ, ಯಾವ ಯಾವ ಚುನಾವಣೆಯಲ್ಲಿ ಮತ ಹಾಕಿದ್ದಾರೆ ಎಂಬುದಿರುತ್ತದೆ. ಪ್ರತಿ ಸಲವೂ ತಪ್ಪದೆ ಮತ ಹಾಕುವವರ ಮನೆಗಳನ್ನು ಮೊದಲು ಗುರುತು ಹಾಕಿಕೊಂಡೆವು. ಅವರಲ್ಲಿ ಬಹುಪಾಲು ಜನ ಮಕ್ಕಳು ಎಂದೋ ಶಾಲೆ ಬಿಟ್ಟುಹೋದ ನಿವೃತ್ತರು. ಶಾಲೆಯ ಚುನಾವಣೆಯೆಂದರೆ ಪೋಷಕರ ಚುನಾವಣೆ ಎಂದುಕೊಂಡವರಿಗೆ ಈ ಪಟ್ಟಿ ಕಣ್ಣು ತೆರೆಸುತ್ತದೆ. ಗಂಟೆ ಒತ್ತಿ, ಮೂರು ಹೆಜ್ಜೆ ಹಿಂದೆ ಸರಿದು, ಕೈಯಲ್ಲಿನ ಕಾಗದ ಕಾಣುವಂತೆ ನಿಲ್ಲಬೇಕು. ಕ್ಯಾಮೆರಾದ ಗಂಟೆಯಲ್ಲಿ ಮಾತನಾಡಿದರೆ ಹೆಸರು, ಹುದ್ದೆ, ನವೆಂಬರ್ 5 ಇಷ್ಟನ್ನೇ ಹೇಳಬೇಕು. ಸರ್ವಿಸ್ ಮಾಡುತ್ತಿದ್ದ ಕಾರಿನಡಿಯಿಂದ ತಲೆ ಹೊರಹಾಕಿದ ಒಬ್ಬ ವಿಯೆಟ್ನಾಮಿ ಹಿರಿಯರು, 'ಪಾರ್ಸೆಲ್ ತೆರಿಗೆ ಮತ್ತೆ ತರುತ್ತೀರಾ' ಎಂಬ ಒಂದೇ ಪ್ರಶ್ನೆ ಕೇಳಿದರು. ಶಾಲೆಗಳಿಗಾಗಿ ಪ್ರತಿ ಜಮೀನು ತುಂಡಿನ ಮೇಲೆ ಹಾಕುವ ಆ ತೆರಿಗೆಗೆ ಮತದಾರರ ಮೂರರಲ್ಲಿ ಎರಡು ಭಾಗದ ಒಪ್ಪಿಗೆ ಬೇಕು, ಅನೇಕ ಕಡೆ 65 ದಾಟಿದವರು ಅರ್ಜಿ ಕೊಟ್ಟು ವಿನಾಯಿತಿ ಪಡೆಯಬಹುದು ಎಂದು ಹೇಳಿದೆ. ವಿನಾಯಿತಿಯ ಸಂಗತಿ ಅವರಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡರು.

ಭಾರತೀಯ ಮನೆಗಳಲ್ಲಿ ನಾನು ಎತ್ತಿದ ವಿಷಯ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2013ರಿಂದ ಜಾರಿಯಲ್ಲಿರುವ, ಗವರ್ನರ್ ಜೆರ್ರಿ ಬ್ರೌನ್ ಕಾಲದ ಹಣ ಹಂಚಿಕೆ ಸೂತ್ರದ ಪ್ರಕಾರ ಜಿಲ್ಲೆಗೆ ಬರುವ ಮೂಲ ಅನುದಾನ ಸರಾಸರಿ ದಿನನಿತ್ಯದ ಹಾಜರಾತಿಯನ್ನು ಅವಲಂಬಿಸಿದೆ. ದಾಖಲಾದ ಮಕ್ಕಳ ಸಂಖ್ಯೆಯನ್ನಲ್ಲ. ಡಿಸೆಂಬರಿನಲ್ಲಿ ಚಳಿಗಾಲದ ರಜೆಗೆ ಇನ್ನೆರಡು ವಾರ ಸೇರಿಸಿ ಮಗುವನ್ನು ಊರಿನ ಮದುವೆಗೆ ಕರೆದೊಯ್ದರೆ ಆ ದಿನಗಳ ಹಣ ಶಾಲೆಗೆ ಬರುವುದಿಲ್ಲ. ಮುಂಚಿತವಾಗಿ ಶಾಲೆಗೆ ತಿಳಿಸಿ ಅಲ್ಪಾವಧಿಯ ಸ್ವತಂತ್ರ ಅಧ್ಯಯನದ ಒಪ್ಪಂದಕ್ಕೆ ಸಹಿ ಹಾಕಿ, ಮಗು ಪಾಠ ಮುಗಿಸಿದರೆ ಬರುತ್ತದೆ. ಆಸ್ತಿ ತೆರಿಗೆಯ ಆದಾಯವೇ ಸೂತ್ರದ ಮೊತ್ತವನ್ನು ಮೀರಿರುವ 'ಬೇಸಿಕ್ ಏಯ್ಡ್' ಜಿಲ್ಲೆಗಳಿಗೆ ಈ ಚಿಂತೆಯಿಲ್ಲ. ಅಂಥ ಶ್ರೀಮಂತ ಜಿಲ್ಲೆಗಳು ನಮ್ಮ ಸುತ್ತಲೇ ಇವೆ, ನಮ್ಮದು ಅಂಥದ್ದಲ್ಲ. ಮೇಲಾಗಿ ಮಕ್ಕಳೇ ಕಡಿಮೆಯಾಗುತ್ತಿದ್ದಾರೆ. ರಾಜ್ಯದ ಸಾರ್ವಜನಿಕ ಶಾಲೆಗಳಲ್ಲಿ 2014-15ರಲ್ಲಿ ಸುಮಾರು 62 ಲಕ್ಷ ಮಕ್ಕಳಿದ್ದರು, 2023-24ಕ್ಕೆ ಅದು 58 ಲಕ್ಷದ ಆಸುಪಾಸಿಗೆ ಇಳಿಯಿತು. ಜನನ ಕಡಿಮೆ, ಮನೆಯ ಬೆಲೆ ಹೆಚ್ಚು. ಎಳೆಯ ಮಕ್ಕಳಿರುವ ಕುಟುಂಬಗಳು ಇಲ್ಲಿ ನೆಲೆಯೂರಲಾಗದೆ ಹೋಗುತ್ತಿವೆ.

ಅಭ್ಯರ್ಥಿಗಳ ವೇದಿಕೆ ಕಾರ್ಯಕ್ರಮದಲ್ಲಿ ಇದೇ ಪ್ರಶ್ನೆ ಬಂತು: ಶಾಲೆ ಮುಚ್ಚುವ ಪ್ರಸ್ತಾಪ ಬಂದರೆ ನಿಮ್ಮ ಮತ ಯಾವ ಕಡೆ? ಉತ್ತರಕ್ಕೆ ಒಂದು ನಿಮಿಷ. ಎದುರಿನ ಸಾಲಿನಲ್ಲಿ ಕುಳಿತ ಸ್ವಯಂಸೇವಕಿ ಹದಿನೈದು ಸೆಕೆಂಡ್ ಉಳಿದಾಗ ಹಳದಿ ಕಾರ್ಡ್ ಎತ್ತುತ್ತಾರೆ. ಉಳಿದಿಬ್ಬರು ಯಾವ ಶಾಲೆಯನ್ನೂ ಮುಚ್ಚಲು ಬಿಡುವುದಿಲ್ಲ ಎಂದರು. ಅಂಕಿಅಂಶ ನೋಡದೆ ಹಾಗೆ ಮಾತು ಕೊಡಲಾರೆ, ಮುಚ್ಚಬೇಕಾಗಿ ಬಂದರೆ ಒಂದು ವರ್ಷ ಮೊದಲೇ ಪೋಷಕರ ಮುಂದೆ ಲೆಕ್ಕ ಇಡಬೇಕೆಂದು ಒತ್ತಾಯಿಸುತ್ತೇನೆ ಎಂದೆ. ಚಪ್ಪಾಳೆ ಬರಲಿಲ್ಲ. ಆ ಉತ್ತರವನ್ನು ಇಂದು ಕೇಳಿದರೂ ಹಾಗೆಯೇ ಕೊಡುತ್ತೇನೆ. 2022ರ ಫೆಬ್ರುವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮತದಾರರು ಮೂವರು ಬೋರ್ಡ್ ಸದಸ್ಯರನ್ನು ಅವಧಿಗೆ ಮೊದಲೇ ಮತ ಹಾಕಿ ಹುದ್ದೆಯಿಂದ ಹಿಂದಕ್ಕೆ ಕರೆಸಿಕೊಂಡದ್ದನ್ನು ಇಲ್ಲಿಯ ಎಲ್ಲ ಅಭ್ಯರ್ಥಿಗಳೂ ಬಲ್ಲರು. ಕೋವಿಡ್ ಕಾಲದಲ್ಲಿ ಶಾಲೆಗಳು ಇನ್ನೂ ತೆರೆಯದಿರುವಾಗ ಬೋರ್ಡ್ 44 ಶಾಲೆಗಳ ಹೆಸರು ಬದಲಿಸಲು ಹೊರಟದ್ದು ಆ ಸಿಟ್ಟಿಗೆ ಒಂದು ಕಾರಣ. ಜನರಿಗೆ ಇಷ್ಟವಾಗದ ತೀರ್ಮಾನಕ್ಕಿಂತಲೂ, ತಮ್ಮ ಚಿಂತೆ ಒಂದಾದರೆ ಬೋರ್ಡಿನ ಚಿಂತೆ ಇನ್ನೊಂದು ಎಂಬ ಭಾವನೆಯೇ ಹೆಚ್ಚು ಕೆರಳಿಸುತ್ತದೆ ಎಂದು ನನ್ನ ಅಂದಾಜು.

ಶಿಕ್ಷಕರ ಸಂಘದ ಬೆಂಬಲ ನನಗೆ ಸಿಗಲಿಲ್ಲ. ಉದ್ದನೆಯ ಪ್ರಶ್ನಾವಳಿ, ಆಮೇಲೆ ಸಂದರ್ಶನ; ನ್ಯಾಯವಾಗಿಯೇ ನಡೆಸಿದರು. ಪಕ್ಷರಹಿತ ಹುದ್ದೆಯಾದರೂ ಪಕ್ಷಗಳ ಕೌಂಟಿ ಸಮಿತಿಗಳೂ ಅಭ್ಯರ್ಥಿಗಳನ್ನು ಅನುಮೋದಿಸುತ್ತವೆ. ಆ ಕಡೆಗೆ ನಾನು ಹೋಗಲಿಲ್ಲ.

ಅಕ್ಟೋಬರ್ 7ರಿಂದ ಮತಪತ್ರಗಳು ಅಂಚೆಯಲ್ಲಿ ಮನೆಮನೆಗೆ ಹೋದವು. 2021ರ ಕಾನೂನಿನಂತೆ ನೋಂದಾಯಿತ ಮತದಾರರೆಲ್ಲರಿಗೂ ಅವು ತಾವಾಗಿಯೇ ಬರುತ್ತವೆ, ಹಾಗಾಗಿ ಚುನಾವಣೆ ಒಂದು ದಿನದ್ದಲ್ಲ, ಒಂದು ತಿಂಗಳಿನದು. ಅಧ್ಯಕ್ಷ ಹುದ್ದೆಯಿಂದ ಹಿಡಿದು ಮತದಾರರೇ ನೇರವಾಗಿ ತೀರ್ಮಾನಿಸುವ ರಾಜ್ಯಮಟ್ಟದ ಹತ್ತು ಪ್ರಸ್ತಾವಗಳವರೆಗೆ ಎಲ್ಲವೂ ಇದ್ದ ಆ ಕಾಗದಗಳ ನಡುವೆ ನಮ್ಮ ಸ್ಪರ್ಧೆ ಎಲ್ಲೋ ಅಡಗಿತ್ತು. ನವೆಂಬರ್ 5ರ ರಾತ್ರಿ ಎಂಟಕ್ಕೆ ಮತದಾನ ಮುಗಿದು ಮೊದಲ ಕಂತಿನ ಎಣಿಕೆ ಬಂದಾಗ ನಾನು ಎರಡನೆಯ ಸ್ಥಾನದಲ್ಲಿದ್ದೆ. ಅಂದಿನ ಅಂಚೆ ಮುದ್ರೆಯಿದ್ದು ಮುಂದಿನ ಏಳು ದಿನಗಳೊಳಗೆ ತಲುಪಿದ ಮತಗಳೂ ಲೆಕ್ಕಕ್ಕೆ ಬರುವುದರಿಂದ ಎಣಿಕೆ ದಿನದಿನವೂ ಮುಂದುವರಿಯಿತು. ತಡವಾಗಿ ಬಂದ ಮತಗಳಲ್ಲಿ ಅಂತರ ಕುಗ್ಗಿತು, ಮುಚ್ಚಲಿಲ್ಲ. ಕೆಲವು ನೂರು ಮತಗಳಿಂದ ಸೋತೆ. ಅಂತಿಮ ಪಟ್ಟಿಯಲ್ಲಿ ಮತಪತ್ರ ಕಳುಹಿಸಿಯೂ ನಮ್ಮ ಸ್ಪರ್ಧೆಯ ಜಾಗವನ್ನು ಖಾಲಿ ಬಿಟ್ಟವರ ಸಂಖ್ಯೆ ಆ ಅಂತರಕ್ಕಿಂತ ಬಹಳ ಹೆಚ್ಚಿತ್ತು. ಮುಂದೆ ನಿಲ್ಲುವವರು ಆ ಮನೆಗಳನ್ನು ಹುಡುಕಬೇಕು. ಎದುರಾಳಿಯ ಬೆಂಬಲಿಗರ ಮನ ಒಲಿಸುವುದಕ್ಕಿಂತ ಅದು ಸುಲಭ.

ಸೋತ ಮೇಲೆಯೂ ಕಾಗದಪತ್ರ ಮುಗಿಯುವುದಿಲ್ಲ. ಬೀದಿಯ ಫಲಕಗಳನ್ನು ತೆಗೆದು, ಬಾಕಿ ಬಿಲ್ಲುಗಳನ್ನು ತೀರಿಸಿ, ಉಳಿದ ಹಣವನ್ನು ಕಾನೂನು ಹೇಳಿದ ಉದ್ದೇಶಗಳಿಗೆ ಮಾತ್ರ ವಿನಿಯೋಗಿಸಿ, ಕೊನೆಯ ಫಾರಂ 460ರ ಜೊತೆ ಸಮಿತಿಯನ್ನು ವಿಸರ್ಜಿಸುವ ಫಾರಂ 410 ಕಳುಹಿಸಬೇಕು. ಇಲ್ಲವಾದರೆ ಸಮಿತಿ ಜೀವಂತವಿದ್ದು ವರ್ಷಕ್ಕೆ 50 ಡಾಲರ್ ಶುಲ್ಕ ಬೀಳುತ್ತಲೇ ಇರುತ್ತದೆ. ನಾನು ಈ ಸಲ ನಿಲ್ಲುತ್ತಿಲ್ಲ. ನನ್ನೊಂದಿಗೆ ಬಾಗಿಲು ತಟ್ಟಿದ ತಾಯಂದಿರಲ್ಲಿ ಒಬ್ಬರಿಗೆ ಈಗ ಗ್ರೀನ್ ಕಾರ್ಡ್ ಬಂದಿದೆ. ಮತಕ್ಕೆ ಇನ್ನೂ ಪೌರತ್ವ ಬೇಕು, ದೇಣಿಗೆಗೆ ಇನ್ನು ಅಡ್ಡಿಯಿಲ್ಲ. 2026ರ ನವೆಂಬರ್ 3ರ ಚುನಾವಣೆಗೆ ನಾಮಪತ್ರದ ಅವಧಿ ಜುಲೈ 13ರಿಂದ ಆಗಸ್ಟ್ 7. ನಿಲ್ಲಬೇಕೆಂದಿರುವವರು ಅದಕ್ಕೂ ಮೊದಲೇ ತಮ್ಮ ವಿಳಾಸ ಯಾವ ಟ್ರಸ್ಟೀ ಏರಿಯಾದಲ್ಲಿ ಬರುತ್ತದೆ, ಆ ಸ್ಥಾನ ಈ ವರ್ಷ ಚುನಾವಣೆಗೆ ಬರುತ್ತದೆಯೇ ಎಂಬುದನ್ನು ಕೌಂಟಿಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಲಿ.