ಎರಡು ಸಲ ಒಡೆದ ಆಯಿಲ್ ಪಂಪ್ ಗೇರ್

“ಅಣ್ಣಾ, ಪಂಪೇ ಡೂಪ್ಲಿಕೇಟಾ?” ಅಂದ ಬದಿಯಡ್ಕದ ಹುಡುಗ. ಕೊಯಮತ್ತೂರಿನ ‘ಕರಿ ಮೋಟಾರ್ ಸ್ಪೀಡ್‌ವೇ’ ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ಅವನ ಕಾರು, ಕಾಸರಗೋಡಿನ ನನ್ನ ಗ್ಯಾರೇಜಿಗೆ ಎರಡನೇ ಸಲ ಬಂದಿತ್ತು. ಆಯಿಲ್ ಪ್ರೆಶರ್ ಸೊನ್ನೆ. ಪಂಪಿನ ಒಳಗೇರ್ ಮತ್ತೆ ಮೂರು ಚೂರು.

ಮೊದಲ ಸಲ ಕಸ ಸಿಕ್ಕಿರಬೇಕು ಅಂತ ಸುಮ್ನೆ ಹೊಸ ಪಂಪ್ ಹಾಕಿದ್ದೆ. ತಪ್ಪು ನನ್ನದೇ. ಈ ಸಲ ಚೂರುಗಳನ್ನು ಬೆಳಕಿಗೆ ಹಿಡಿದೆ. ಹಲ್ಲಿನ ಮೇಲೆ ಒಂದು ಗೀರೂ ಇಲ್ಲ. ಬಿರುಕು ಶುರುವಾಗಿದ್ದು ಕ್ರ್ಯಾಂಕ್, ಅಂದ್ರೆ ಎಂಜಿನ್ನಿನ ತಿರುಗುವ ಮುಖ್ಯ ದಂಡ, ಕೂರುವ ಚಪ್ಪಟೆ ಜಾಗದ ಮೂಲೆಯಿಂದ. ಅಂದ್ರೆ ಕಸ ಅಲ್ಲ, ಪೆಟ್ಟು.

ಆಗ ಕ್ರ್ಯಾಂಕ್ ತುದಿಯ ಪುಲ್ಲಿ ಕಣ್ಣಿಗೆ ಬಿತ್ತು. ತೂಕ ಇಳಿಸಲು ರಬ್ಬರ್ ಡ್ಯಾಂಪರ್ ತೆಗೆಸಿ ಗಟ್ಟಿ ಅಲ್ಯೂಮಿನಿಯಂ ಪುಲ್ಲಿ ಹಾಕಿಸಿದ್ದ. ನೋಡಲು ಚಂದವೇ! ಆದರೆ ಪ್ರತಿ ಸಿಲಿಂಡರ್ ಉರಿದಾಗ ಕ್ರ್ಯಾಂಕ್ ಸ್ವಲ್ಪ ತಿರುಚಿ ಮರಳುತ್ತದೆ. ಆ ನಡುಕ ಹೀರಲು ಡ್ಯಾಂಪರ್ ಇಲ್ಲ, ಆರ್‌ಪಿಎಂ ಬೇರೆ ಜಾಸ್ತಿ. ಲೋಹದ ಪುಡಿ ಒತ್ತಿ ಮಾಡಿದ ಗೇರ್ ಎಷ್ಟು ತಡೆದೀತು?

ಡ್ಯಾಂಪರ್ ವಾಪಸ್ ಹಾಕಿ ಸ್ಟೀಲ್ ಗೇರ್ ಕೂರಿಸಿದೆ. ಆಯಿಲ್ ಸಿಗದೆ ಹಾಳಾದ ಬೇರಿಂಗ್ ಖರ್ಚು ಬೇರೆ ಬಂತು.